ಲೈನ್ ಕ್ಲಿಯರ್ ಕೊಟ್ಟ ಮೇಲಿನ ಭಯ

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ತರಬೇತಿಯಲ್ಲಿ ಬಹಳಷ್ಟು ಕಲಿಸುತ್ತಾರೆ. ಲೈನಿನ ಕರೆಂಟು ಕಡಿಯುವ ಬ್ರೇಕರ್ ಹೇಗೆ ಕೆಲಸ ಮಾಡುತ್ತದೆ, ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಯಾವಾಗ ಪರೀಕ್ಷಿಸಬೇಕು, ಬೆಂಕಿ ಬಿದ್ದರೆ ಮರಳಿನ ಬಕೆಟ್ ಎಲ್ಲಿರಬೇಕು, ಎಲ್ಲವೂ ಇರುತ್ತದೆ. ಹೆದರುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಾನು ವಿದ್ಯುತ್ ಸಬ್‌ಸ್ಟೇಷನ್ನುಗಳಲ್ಲಿ ಆಪರೇಟರಾಗಿ ದುಡಿದು ನಿವೃತ್ತನಾದವನು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ಕಡೆಯ ನೀರು ಕುಡಿದಿದ್ದೇನೆ. ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರು ಪೇಟ ತೊಡಿಸಿದರು ಎಂಬುದನ್ನು ಬರೆದು ನಿಮ್ಮ ಹೊತ್ತು ಹಾಳುಮಾಡುವುದಿಲ್ಲ. ನಿಮಗೆ ಉಪಯೋಗಕ್ಕೆ ಬರುವಂಥದ್ದು ನನ್ನ ಬಳಿ ಒಂದೇ ಇದೆ, ಅದು ಭಯ.

ಗೊತ್ತಿಲ್ಲದವರಿಗಾಗಿ ಮೊದಲು ಕೆಲಸ ಏನೆಂದು ಹೇಳುತ್ತೇನೆ. ಕಂಬ ಹತ್ತಬೇಕಾದ ಲೈನ್‌ಮ್ಯಾನ್ ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ಕೇಳುತ್ತಾನೆ. ನಾವು ಅದನ್ನು ಎಲ್‌ಸಿ ಅನ್ನುತ್ತೇವೆ. ಆಪರೇಟರ್ ಆ ಲೈನಿನ ಕರೆಂಟು ತೆಗೆದು, ‘ತೆಗೆದಿದ್ದೇನೆ, ಹತ್ತು’ ಎನ್ನುತ್ತಾನೆ. ಲೈನ್‌ಮ್ಯಾನ್ ಕೆಲಸ ಮುಗಿಸಿ, ಕೆಳಗಿಳಿದು, ‘ರಿಟರ್ನ್’ ಎಂದ ಮೇಲೆಯೇ ಮತ್ತೆ ಕರೆಂಟು ಹಾಕಬೇಕು. ಕೇಳುವುದಕ್ಕೆ ಇಷ್ಟೇ. ಆದರೆ ಆ ಎರಡು ಫೋನುಗಳ ನಡುವೆ ಒಬ್ಬ ಮನುಷ್ಯ ತಂತಿಯನ್ನು ಬರಿಗೈಯಲ್ಲಿ ಹಿಡಿದು ನಿಂತಿರುತ್ತಾನೆ, ಹಾಗೆ ಹಿಡಿಯುವ ಧೈರ್ಯ ಅವನಿಗೆ ಬಂದಿರುವುದು ನಿಮ್ಮ ಒಂದು ಮಾತಿನಿಂದ.

ನನಗೆ ಕೆಲಸ ಕಲಿಸಿದವರು ಮಹದೇವಯ್ಯ ಎಂಬ ಹಿರಿಯ ಆಪರೇಟರ್, ಕನಕಪುರದ ಕಡೆಯವರು. ಬಾಯಲ್ಲಿ ಎಲೆಅಡಿಕೆ ಇಲ್ಲದೆ ಅವರನ್ನು ನಾನು ನೋಡಿದ್ದೇ ಕಡಿಮೆ. ಮೊದಲ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದವನು ಟ್ರಾನ್ಸ್‌ಫಾರ್ಮರುಗಳಿರುವ ಯಾರ್ಡಿನ ಗುಂಯ್ ಎನ್ನುವ ಸದ್ದಿಗೆ ಅಂಗಿ ಒದ್ದೆಯಾಗುವಷ್ಟು ಬೆವತಿದ್ದೆ.

“ಯಾಕ್ಲಾ ಸ್ವಾಮಿ, ಹೆದ್ರಿಕೆ ಆಯ್ತದಾ?” ಅಂದರು.

“ಇಲ್ಲ ಸಾರ್.”

“ಹಂಗಾದ್ರೆ ಮನೆಗೆ ಹೋಗು. ಹೆದ್ರಿಕೆ ಇಲ್ದೋನು ನಂಗೆ ಬ್ಯಾಡ.”

ಎಲ್‌ಸಿ ಕೊಟ್ಟ ತಕ್ಷಣ ಬ್ರೇಕರಿನ ಪೆಟ್ಟಿಗೆಗೆ ಬೀಗ ಜಡಿದು, ಕೆಂಪು ಹಲಗೆ ತೂಗುಹಾಕಿ, ಕೀಲಿಯನ್ನು ಅಂಗಿಯ ಎಡಜೇಬಿಗೆ ಹಾಕಿಕೊಳ್ಳುವುದು ಅವರ ಪದ್ಧತಿ. ಮೇಜಿನ ಮೇಲೆ ಇಡುವಂತಿಲ್ಲ, ಮೊಳೆಗೆ ನೇತುಹಾಕುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವ ಮಾತೇ ಇಲ್ಲ. “ಮ್ಯಾಗೆ ಹತ್ತವ್ನಲ್ಲ, ಅವ್ನು ಈಗ ನಿನ್ ಜೇಬ್ನಾಗೆ ಕುಂತವ್ನೆ, ಅವನು ಇಳಿಯೋಗಂಟ ಜೇಬು ಮುಟ್ಕೋತಾ ಇರು” ಎನ್ನುತ್ತಿದ್ದರು. ಅವರೇ ಒಮ್ಮೆ ಹಾಗೆ ಮುಟ್ಟಿಕೊಳ್ಳುತ್ತಾ, ಎಲ್‌ಸಿ ವಾಪಸಾದದ್ದನ್ನೂ ಮರೆತು, ಡ್ಯೂಟಿ ಮುಗಿಸಿ ಬೀಗರೂಟಕ್ಕೆ ಹೊರಟುಬಿಟ್ಟಿದ್ದರು. ಕೀಲಿ ಮಟನ್ ಸಾರಿನ ಪಂಕ್ತಿಯಲ್ಲಿ, ಒಂದು ಹೋಬಳಿಯೇ ಕತ್ತಲಲ್ಲಿ. ಮರುದಿನ ಸಾಹೇಬರು ಕೂಗಾಡಿದಾಗ ಮಹದೇವಯ್ಯ ಎಲೆಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ತಂದುಕೊಂಡು, “ಕತ್ಲಾಗೆ ಕುಂತೋರು ಯಾರೂ ಸತ್ತಿಲ್ವಲ್ಲ ಸಾರ್” ಅಂದರು.

ಸಾಹೇಬರುಗಳ ಬಗ್ಗೆ ಬರೆಯಲು ಹೊರಟರೆ ಬೇರೆ ಪುಸ್ತಕವೇ ಬೇಕು. ಸುರಕ್ಷತಾ ಸಪ್ತಾಹದಲ್ಲಿ ಶಾಮಿಯಾನದ ಕೆಳಗೆ ನಿಂತು, ‘ನಿಮ್ಮ ಜೀವ ನಿಮ್ಮ ಮನೆಯವರ ಆಸ್ತಿ’ ಎಂದು ಗಂಟೆಗಟ್ಟಲೆ ಮಾತಾಡಿದ ಒಬ್ಬರಿದ್ದರು. ಅವರ ಮೈಕಿಗೆ ಕರೆಂಟು ಬರುತ್ತಿದ್ದದ್ದು ಪಕ್ಕದ ಕಂಬದ ತಂತಿಗೆ ಸಿಕ್ಕಿಸಿದ ಕೊಕ್ಕೆಯಿಂದ. ಬಿಸಿಲಲ್ಲಿ ನಿಂತಿದ್ದ ಲೈನ್‌ಮ್ಯಾನ್‌ಗಳೆಲ್ಲ ಆ ಕೊಕ್ಕೆಯನ್ನೇ ನೋಡುತ್ತಾ ಚಪ್ಪಾಳೆ ತಟ್ಟಿದರು. ಸಂಜೆಯಾಗುತ್ತಲೇ ಅದೇ ಸಾಹೇಬರು ಫೋನ್ ಮಾಡಿ, “ಏನ್ರೀ ಇನ್ನೂ ಎಲ್‌ಸಿ ಮುಗೀಲಿಲ್ವಾ? ಶಾಸಕರ ಮನೆಗೆ ಹೋಗೋ ಲೈನು ಕಣ್ರೀ” ಎಂದು ಅವಸರಿಸುತ್ತಿದ್ದರು. ಇಂಥವರು ನಿಮಗೂ ಸಿಗುತ್ತಾರೆ, ಕೋಪ ಮಾಡಿಕೊಳ್ಳಬೇಡಿ, ಆದರೆ ಅವರ ಮಾತಿಗೆ ನಿಮ್ಮ ಕೈ ಸ್ವಿಚ್ಚಿನ ಕಡೆಗೆ ಹೋಗದಂತೆ ನೋಡಿಕೊಳ್ಳಿ.

ಈಗ ರುದ್ರೇಶನ ಸಂಗತಿಗೆ ಬರುತ್ತೇನೆ. ಮಾಗಡಿ ಕಡೆಯ ಸ್ಟೇಷನ್ನಿನಲ್ಲಿ ನಾನಿದ್ದ ಅಷ್ಟೂ ಕಾಲ ಆ ಭಾಗದ ಲೈನ್‌ಮ್ಯಾನ್ ಆಗಿದ್ದವನು ಅವನು. ನನಗಿಂತ ಬಹಳ ಚಿಕ್ಕವನು. ಫೋನಿನಲ್ಲಿ ಅವನು ಹೆಸರು ಹೇಳಿದ್ದೇ ಇಲ್ಲ. “ಅಣ್ಣಾ, ನಾನೇ ಕಣಣ್ಣ” ಅಂತಲೇ ಶುರು. ಗಂಟಲಲ್ಲಿ ಮರಳು ಇದ್ದಂಥ ದನಿ. ಯಾರದೋ ಹೊಲದ ಮಾವಿನ ಮರ, ಯಾರದೋ ಮನೆಯ ಮುದ್ದೆ, ತನ್ನ ಹೆಂಡತಿಯ ಬೈಗುಳ, ಎಲ್ಲ ವರ್ತಮಾನವನ್ನೂ ಹೇಳಿಯೇ ಎಲ್‌ಸಿ ಕೇಳುವನು.

ಒಂದು ದಿನ ಅವನಿಗೆ ಎಲ್‌ಸಿ ಕೊಟ್ಟು ಕೂತಿದ್ದೆ. ಅವನ ಫೋನಿನಿಂದಲೇ ಕರೆ ಬಂತು. ದನಿ ಬೇರೆ. ಅವನ ಜೊತೆಗಿದ್ದ ಗುತ್ತಿಗೆ ಕೆಲಸಗಾರ. “ಸಾರ್, ರುದ್ರಣ್ಣನ ಕೆಲ್ಸ ಆಯ್ತು. ರಿಟರ್ನ್ ತಕಳಿ, ಕರೆಂಟ್ ಬುಡಿ” ಅಂದ. ಫೋನನ್ನು ರುದ್ರನಿಗೆ ಕೊಡು ಅಂದೆ. ಅವನು ಅಲ್ಲಿಲ್ಲ, ಇಳಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ ಅಂದ. ಅವನ ದನಿ ಕೇಳದೆ ಹಾಕುವುದಿಲ್ಲ ಎಂದೆ. ಅಷ್ಟರಲ್ಲಿ ಮೇಜಿನ ಮೇಲಿದ್ದ ಇನ್ನೊಂದು ಫೋನಿನಲ್ಲಿ ಸಾಹೇಬರು, “ಏನ್ರೀ ನಾಟಕ? ಇಳಿದಿದ್ದಾನೆ ಅಂತ ಹೇಳ್ತಿದ್ದಾರಲ್ಲ!” ಅಂತ ರೇಗಿದರು. ನಾನು ಜೇಬಿನ ಮೇಲೆ ಕೈಯಿಟ್ಟುಕೊಂಡು ಕೂತೆ. ನನ್ನ ಕಿವಿಯೊಳಗೆ ರಕ್ತ ಓಡುವ ಸದ್ದು ಯಾರ್ಡಿನ ಸದ್ದಿಗಿಂತ ಜೋರಾಗಿ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಫೋನ್ ಬಂತು. “ಅಣ್ಣಾ, ನಾನೇ ಕಣಣ್ಣ. ಈಗ ಇಳ್ದೆ. ಯಾಕೆ, ಏನಾಯ್ತು?” ಒಂದು ಕಂಬ ಇಳಿದವನು ಯಾರಿಗೂ ಹೇಳದೆ ಪಕ್ಕದ ಕಂಬ ಹತ್ತಿದ್ದ. ಜೊತೆಯವನು ಮೊದಲನೆಯದನ್ನಷ್ಟೇ ಕಂಡು ಟೀ ಅಂಗಡಿಗೆ ಹೋಗಿ ಅಲ್ಲಿಂದ ಫೋನ್ ಮಾಡಿದ್ದ.

ಅವತ್ತಿನಿಂದ ನಮ್ಮಿಬ್ಬರ ನಡುವೆ ಒಪ್ಪಂದವಾಯಿತು. ಎಲ್‌ಸಿ ಕೇಳುವುದೂ ಅವನದೇ ದನಿ, ಹಿಂತಿರುಗಿಸುವುದೂ ಅವನದೇ ದನಿ. ದೇವರೇ ಬಂದು ಹೇಳಿದರೂ ಬೇರೆ ದನಿಗೆ ಕರೆಂಟಿಲ್ಲ.

ಇಷ್ಟು ಕಟ್ಟುನಿಟ್ಟಾಗಿದ್ದರೆ ಸಾಕು ಎಂದು ನಾನು ತಿಳಿದಿದ್ದೆ. ನಮ್ಮ ಕಾಲದಲ್ಲಿ ಸಾಕೂ ಆಗಿತ್ತು. ಯಾಕೆಂದರೆ ಆಗ ಕರೆಂಟು ಒಂದೇ ದಿಕ್ಕಿನಿಂದ ಬರುತ್ತಿತ್ತು. ಸ್ಟೇಷನ್ನಿನಿಂದ ಹೊರಟು ಊರಿಗೆ ಹೋಗುತ್ತಿತ್ತು. ಇಲ್ಲಿ ತೆಗೆದರೆ ಅಲ್ಲಿ ಇಲ್ಲ. ಹಾಗಾಗಿ ಲೈನ್‌ಮ್ಯಾನ್‌ಗಳಲ್ಲಿ ಒಂದು ರೂಢಿ ಬೆಳೆದಿತ್ತು. ಕೆಲಸ ಮಾಡುವ ಜಾಗದ ಎರಡೂ ಬದಿಗೆ ತಂತಿಯನ್ನು ನೆಲಕ್ಕೆ ಸೇರಿಸುವ ಅರ್ತಿಂಗ್ ರಾಡ್ ಹಾಕಬೇಕು ಎನ್ನುವುದು ನಿಯಮ. ತಪ್ಪಿ ಕರೆಂಟು ಬಂದರೆ ಅದು ಮನುಷ್ಯನನ್ನು ಬಿಟ್ಟು ನೆಲಕ್ಕೆ ಹೋಗಲಿ ಅಂತ. ಇವರು ಹಾಕುತ್ತಿದ್ದದ್ದು ಒಂದು ಬದಿಗೆ, ಸ್ಟೇಷನ್ನಿನ ಕಡೆಗೆ ಮಾತ್ರ. ಎರಡು ರಾಡ್ ಹೊತ್ತುಕೊಂಡು ಕಲ್ಲುಗುಡ್ಡ ಹತ್ತುವವರ ಕಷ್ಟವನ್ನೂ ನೋಡಬೇಕು. ನಾನು ಕೇಳಿದರೆ ರುದ್ರ ನಗುತ್ತಿದ್ದ. “ಲೈನಿನ ಬಾಲದಲ್ಲಿ ಎಲ್ಲಿಂದ ಬತ್ತದಣ್ಣ ಕರೆಂಟು? ಬಾಲ ಅಂದ್ರೆ ಬಾಲವೇ.”

ಆ ಬಾಲದ ತುದಿಯಲ್ಲಿದ್ದ ಊರು ಬಿಲ್ಲಹಳ್ಳಿ. ಸಾವನದುರ್ಗದ ಬೆನ್ನು ಕಾಣುವಷ್ಟು ದೂರ. ಊರಿನ ಹಿಂದೆ ಗಿಡುಗನ ಬೆಟ್ಟ. ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮುಂಚೆ ಆ ಬೆಟ್ಟದ ಮೇಲೆ ಒಂದು ಕಂಪನಿಯವರು ಗಾಳಿ ಅಳೆಯುವ ಉದ್ದನೆಯ ಕಂಬ ನಿಲ್ಲಿಸಿದರು. ಗಾಳಿ ಚೆನ್ನಾಗಿದ್ದರೆ ಗಾಳಿಯಂತ್ರಗಳು ಬರುತ್ತವೆ, ಅವುಗಳ ಕರೆಂಟು ನಮ್ಮ ಸ್ಟೇಷನ್ನಿಗೆ ಸೇರುತ್ತದೆ ಎಂದಾಯಿತು. ಊರಲ್ಲಿ ಎರಡು ಗುಂಪಾಯಿತು. ಜಮೀನು ಬಾಡಿಗೆಗೆ ಹೋಗುತ್ತದೆ, ಬೆಟ್ಟಕ್ಕೆ ರಸ್ತೆಯಾಗುತ್ತದೆ ಎನ್ನುವವರು ಒಂದು ಕಡೆ. ರೆಕ್ಕೆ ತಿರುಗಿದರೆ ಮೋಡ ಚದುರುತ್ತದೆ, ಹದ್ದು ಗಿಡುಗ ಸಾಯುತ್ತವೆ, ಸದ್ದಿಗೆ ರೇಷ್ಮೆ ಹುಳು ಮೇವು ಬಿಡುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡು ಕಡೆಯವರೂ ಸ್ಟೇಷನ್ನಿಗೆ ಬಂದು ನನ್ನನ್ನು ಕೇಳುವರು. ಮೋಡದ ವಿಷಯ ಸುಳ್ಳು ಕಣ್ರಪ್ಪ ಅಂದೆ. ಹುಳುವಿನ ವಿಷಯದಲ್ಲಿ ಬಾಯಿ ಬರಲಿಲ್ಲ. ನಾನು ಹುಟ್ಟಿದ್ದು ಹೊಂಗನೂರಿನಲ್ಲಿ, ಹುಳು ಸಾಕುವ ಮನೆಯಲ್ಲಿ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಹೊತ್ತಿನಲ್ಲಿ, ನಮ್ಮವ್ವ ನಮ್ಮನ್ನು ಜೋರಾಗಿ ಮಾತಾಡಲೂ ಬಿಡುತ್ತಿರಲಿಲ್ಲ.

ಊರಿನ ಸಮುದಾಯ ಭವನದಲ್ಲಿ ಸಭೆ ಸೇರಿತು. ಇಲಾಖೆಯ ಪರವಾಗಿ ಮೂಲೆಯಲ್ಲಿ ನಾನೂ ರುದ್ರನೂ ಇದ್ದೆವು. ಕಂಪನಿಯ ಅಧಿಕಾರಿ ಪರದೆಯ ಮೇಲೆ ಚಿತ್ರ ತೋರಿಸಿದ. ಎಲ್ಲ ಮುಗಿದ ಮೇಲೆ ಜಯಮ್ಮ ಎದ್ದು ನಿಂತಳು. ಪಿಯುಸಿ ಓದಿದವಳು, ಊರಿನಲ್ಲೇ ದೊಡ್ಡ ಹುಳುಮನೆ ಅವಳದು. ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡುವವಳಲ್ಲ.

“ಕರೆಂಟು ಬ್ಯಾಡ ಅಂತ ನಾವ್ ಅಂದಿಲ್ಲ ಸಾರ್. ಬೆಟ್ಟ ಕೊರ್ದು ಯಾಕೆ ತರ್ತೀರಾ? ನಮ್ ನಮ್ ಮನೆ ಮ್ಯಾಲೆ ಸೂರ್ಯ ಸುಮ್ನೆ ಬಿದ್ದವ್ನೆ. ಸೋಲಾರ್ ಹಾಕ್ಕೊಡಿ. ನಮ್ ಚಾವಣಿ, ನಮ್ ಕರೆಂಟು. ಗಿಡುಗಾನೂ ಬದುಕ್ಲಿ, ಹುಳಾನೂ ಬದುಕ್ಲಿ.”

ಭವನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ನನಗೂ ಅವಳ ಮಾತು ಸರಿಯೆನಿಸಿತು. ಈಗಲೂ ಸರಿಯೆಂದೇ ಅನಿಸುತ್ತದೆ. ಆದರೆ ಆ ಚಪ್ಪಾಳೆಯ ನಡುವೆ ನನಗೊಂದು ಪ್ರಶ್ನೆ ಎದ್ದಿತು. ಪ್ರತಿ ಚಾವಣಿಯೂ ಒಂದು ಸ್ಟೇಷನ್ ಆದರೆ, ಅದರ ಕೀಲಿ ಯಾರ ಜೇಬಿನಲ್ಲಿರುತ್ತದೆ? ರುದ್ರನಿಗೆ ಹೇಳಿದೆ. “ಸ್ಟೇಷನ್ ಕರೆಂಟು ಹೋದ್ರೆ ಸೋಲಾರೂ ತಾನಾಗೇ ನಿಂತೋಗ್ತದಂತಣ್ಣ, ಒಳಗೇ ಹಂಗ್ ಮಾಡವ್ರಂತೆ. ನೀನೊಬ್ಬ ಹೆದ್ರುಪುಕ್ಲ” ಎಂದು ನನ್ನ ಭುಜ ಗುದ್ದಿದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ವರ್ಷ ತಿರುಗುವುದರೊಳಗೆ ಊರಿನ ಒಂದಷ್ಟು ಮನೆಗಳ ಮೇಲೆ, ಜಯಮ್ಮನ ಹುಳುಮನೆಯ ಮೇಲೆಯೂ ಸೋಲಾರ್ ಹಲಗೆಗಳು ಬಂದವು. ಬೆಟ್ಟದ ಮೇಲಿನ ಅಳತೆಯ ಕಂಬವೂ ಹಾಗೇ ಇತ್ತು. ಜಗಳ ಯಾವ ಕಡೆಗೂ ಮುಗಿದಿರಲಿಲ್ಲ.

ಆ ಬೇಸಿಗೆಯ ಕೊನೆಯಲ್ಲಿ ಒಂದು ಸಂಜೆ ಗಾಳಿಮಳೆ ಎದ್ದಿತು. ಬಿಲ್ಲಹಳ್ಳಿಯ ಆಚೆ, ಜಯಮ್ಮನ ತೋಟಕ್ಕೂ ಅಲ್ಲಿನ ಹುಳುಮನೆಗೂ ಹೋಗುವ ಲೈನಿನಲ್ಲಿ ಮರ ಬಿದ್ದು ತಂತಿ ತುಂಡಾಯಿತು. ಮರುದಿನ ಬೆಳಗ್ಗೆ ಬಿಸಿಲು ಏರುವ ಹೊತ್ತಿಗೆ ಫೋನ್ ಬಂತು.

“ಅಣ್ಣಾ, ನಾನೇ ಕಣಣ್ಣ. ತಂತಿ ಜೋಡಿಸ್ಬೇಕು. ಜಯಮ್ಮನ ಹುಳ ನಾಕ್ನೇ ಜ್ವರ ಎದ್ದು ಮೇಯ್ತಾ ಅವಂತೆ. ಫ್ಯಾನ್ ಇಲ್ದೆ ಸೆಕೆಗೆ ಹೋಗ್ಬುಡ್ತವೆ ಅಂತ ಅಳ್ತಾ ಅವ್ಳೆ. ಬೇಗ ಕೊಡು.”

ಬ್ರೇಕರ್ ತೆಗೆದೆ. ಬೀಗ ಹಾಕಿದೆ. ಕೆಂಪು ಹಲಗೆ ತೂಗುಹಾಕಿದೆ. ಕೀಲಿ ಎಡಜೇಬಿಗೆ ಹೋಯಿತು. “ತೆಗ್ದೀನಿ ರುದ್ರ, ಹತ್ತು. ಎರಡೂ ಕಡೆ ರಾಡ್ ಹಾಕು ಕಣ್ಲಾ” ಅಂದೆ. “ಆಯ್ತಣ್ಣ” ಅಂದ. ಆಮೇಲೆ ಕೂತೆ.

ಮುಂದಿನ ಕರೆ ಅವನ ಫೋನಿನಿಂದಲೇ ಬಂತು, ಆದರೆ ಬೇರೆ ದನಿ. ಮಾತಿರಲಿಲ್ಲ, ಬರೀ ಕಿರುಚಾಟ. “ಸಾರ್ ಆಫ್ ಮಾಡಿ ಸಾರ್, ಆಫ್ ಮಾಡಿ! ರುದ್ರಣ್ಣನ್ನ ಹಿಡ್ಕೊಂಡ್ಬುಟ್ಟೈತೆ!”

ಆಫ್ ಆಗಿಯೇ ಇತ್ತು. ನಾನು ಜೇಬು ಮುಟ್ಟಿ ನೋಡಿಕೊಂಡೆ, ಕೀಲಿ ಇತ್ತು. ಓಡಿಹೋಗಿ ಬೀಗ ಜಗ್ಗಿದೆ, ಭದ್ರವಾಗಿತ್ತು. “ಆಫೇ ಐತೆ ಕಣೋ!” ಎಂದು ನಾನೂ ಕಿರುಚಿದೆ. ಆಫ್ ಆಗಿರುವುದನ್ನು ಇನ್ನೂ ಹೇಗೆ ಆಫ್ ಮಾಡುವುದು? ಇದಕ್ಕಿಂತ ದೊಡ್ಡ ಹೆದರಿಕೆ ನನ್ನ ಬಾಳಿನಲ್ಲಿ ಬಂದಿಲ್ಲ, ಇನ್ನು ಬರುವುದೂ ಬೇಡ. ಕೈಯಲ್ಲಿರುವ ಒಂದೇ ಒಂದು ಕೆಲಸವನ್ನು ಮಾಡಿ ಮುಗಿಸಿದ್ದೆ, ಆದರೂ ಅತ್ತ ಅವನು ಸಾಯುತ್ತಿದ್ದ.

ಒಣ ಬಿದಿರಿನಿಂದ ತಂತಿಯನ್ನು ಹೊಡೆದು ಅವನನ್ನು ಬಿಡಿಸಿದರಂತೆ. ಸೊಂಟದ ಬೆಲ್ಟಿನಲ್ಲಿ ಕಂಬಕ್ಕೆ ನೇತಾಡುತ್ತಿದ್ದವನನ್ನು ಇಳಿಸಿ ರಾಮನಗರದ ಆಸ್ಪತ್ರೆಗೆ ತಂದರು. ಉಸಿರಿತ್ತು. ಬಲಗೈಯ ಎರಡು ಬೆರಳು ಕಪ್ಪಾಗಿದ್ದವು. ಅವನ್ನು ತೆಗೆಯಬೇಕಾಯಿತು. ಅವನ ಹೆಂಡತಿ ಆಸ್ಪತ್ರೆಯ ಬಾಗಿಲಲ್ಲಿ ಕೂತು ಕೆಂಗಲ್ ಆಂಜನೇಯನಿಗೆ ಹರಕೆಯ ಮೇಲೆ ಹರಕೆ ಹೊರುತ್ತಿದ್ದಳು. ನನ್ನನ್ನು ಕಂಡಾಗ ಮುಖ ತಿರುಗಿಸಿದಳು.

ಆಗ ನನಗೆ ಅರ್ಥವಾಯಿತು. ಊರಿಗೆಲ್ಲ ಆಗಲೇ ಸುದ್ದಿ ಹಬ್ಬಿತ್ತು. ‘ಆಪರೇಟ್ರು ಆನ್ ಮಾಡ್ಬುಟ್ನಂತೆ.’ ಸಾಹೇಬರು ಬಂದು ನನ್ನನ್ನು ಪಕ್ಕಕ್ಕೆ ಕರೆದು, “ನಿಜ ಹೇಳಿ, ಮಧ್ಯದಲ್ಲಿ ಒಂದು ಸಲ ಚಾರ್ಜ್ ಮಾಡಿದ್ರಾ?” ಎಂದರು. ಮನೆಗೆ ಹೋದರೆ ನನ್ನ ಹೆಂಡತಿ ಶಾರದೆ ತಟ್ಟೆ ಮುಂದಿಟ್ಟು, ನನ್ನ ಮುಖ ನೋಡದೆ, “ನೀವು ಆನ್ ಮಾಡ್ಲಿಲ್ಲ ತಾನೇ?” ಎಂದು ಕೇಳಿದಳು. ಇಷ್ಟು ವರ್ಷ ನನ್ನ ಜೊತೆ ಬಾಳಿದವಳು. ಅವಳನ್ನು ಬೈಯಲೂ ಆಗಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ನನಗೇ ನನ್ನ ಕೈಯ ಮೇಲೆ ಅನುಮಾನ ಬಂದುಬಿಟ್ಟಿತ್ತು. ಊಟಕ್ಕೆ ಕೂತು ಬಲಗೈಯನ್ನೇ ನೋಡುತ್ತಿದ್ದೆ. ಇದು ನನಗೆ ಗೊತ್ತಿಲ್ಲದೆ ಏನಾದರೂ ಮಾಡಿತೇ?

ರುದ್ರನಿಗೆ ಪೂರ್ತಿ ಎಚ್ಚರವಾದ ದಿನ ಒಳಗೆ ಬಿಟ್ಟರು. ಬ್ಯಾಂಡೇಜಿನ ಕೈ ದಿಂಬಿನ ಮೇಲಿತ್ತು. ನನ್ನನ್ನು ನೋಡುತ್ತಲೇ ಅವನು ಆಡಿದ ಮೊದಲ ಮಾತು ಅದೇ.

“ಅಣ್ಣಾ, ಆನ್ ಮಾಡ್ಬುಟ್ಯಾ?”

“ಇಲ್ಲ ಕಣ್ಲಾ ರುದ್ರ. ನಿನ್ ಮಕ್ಳಾಣೆಗೂ ಇಲ್ಲ.”

ಅವನು ಕಣ್ಣು ಮುಚ್ಚಿದ. ನಂಬಿದ ಎಂದೂ ಹೇಳಲಿಲ್ಲ, ನಂಬಲಿಲ್ಲ ಎಂದೂ ಹೇಳಲಿಲ್ಲ. ಆಮೇಲೆ ದಿನವೂ ಹೋದೆ. ಅವನು ಗೋಡೆಯ ಕಡೆ ಮುಖ ಮಾಡಿಕೊಂಡಿರುತ್ತಿದ್ದ. ಇಷ್ಟು ವರ್ಷ ನನ್ನ ಒಂದು ಮಾತಿನ ಮೇಲೆ ತಂತಿ ಹಿಡಿದವನು ಈಗ ನನ್ನ ಮಾತಿಗೆ ತಿರುಗಿಯೂ ನೋಡುತ್ತಿರಲಿಲ್ಲ. ಕೆಲಸ ಹೋಗುತ್ತದೆ, ಜೈಲಾಗುತ್ತದೆ ಎಂಬ ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ, ಇವನು ಹೀಗೇ ಗೋಡೆ ನೋಡುತ್ತಲೇ ಇದ್ದುಬಿಟ್ಟರೆ ಎಂದು ಹೆದರುತ್ತಿದ್ದೆ.

ಹಾಗಿರುವಾಗ ಒಂದು ಮಧ್ಯಾಹ್ನ ಜಯಮ್ಮ ಆಸ್ಪತ್ರೆಗೆ ಬಂದಳು. ಕೈಯಲ್ಲಿ ಎಳನೀರಿತ್ತು. ಅದನ್ನು ಕೆಳಗಿಟ್ಟು ನಿಂತೇ ಇದ್ದಳು. ಕೂತ್ಕೊಳಮ್ಮ ಅಂದರೂ ಕೂರಲಿಲ್ಲ.

“ಸ್ವಾಮಣ್ಣ, ಅವತ್ತು ನಮ್ ಹುಳುಮನೇಲಿ ಫ್ಯಾನ್ ತಿರುಗ್ತಿತ್ತು” ಅಂದಳು.

ನನಗೆ ತಕ್ಷಣ ತಿಳಿಯಲಿಲ್ಲ. ತಂತಿಯೇ ತುಂಡಾಗಿರುವಾಗ ಫ್ಯಾನ್ ಹೇಗೆ ತಿರುಗುತ್ತದೆ?

ಅವಳು ಬಿಡಿಸಿ ಹೇಳಿದಳು. ಕರೆಂಟು ಹೋದರೆ ಚಾವಣಿಯ ಸೋಲಾರೂ ನಿಂತುಹೋಗುತ್ತಿತ್ತು. ಸೆಕೆಗೆ ಹುಳು ಸಾಯುತ್ತವೆಂದು ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿ ಬ್ಯಾಟರಿ, ಇನ್ವರ್ಟರ್ ಸೇರಿಸಿದ್ದಳು. ಅವನು ಎರಡು ತುದಿಗೂ ಪಿನ್ ಇರುವ ಒಂದು ವೈರು ಮಾಡಿಕೊಟ್ಟಿದ್ದ. ಕರೆಂಟು ಹೋದಾಗ ಮೊದಲು ಹೊರಗಿನ ಮೇನ್ ಸ್ವಿಚ್ ಇಳಿಸು, ಆಮೇಲೆ ಇನ್ವರ್ಟರಿನಿಂದ ಈ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚು, ಮನೆಯೆಲ್ಲ ಫ್ಯಾನ್ ತಿರುಗುತ್ತದೆ ಎಂದಿದ್ದ. ಬ್ಯಾಟರಿ ಬಹಳ ಹೊತ್ತು ಬಾರದೆಂದೇ ರುದ್ರನ ಮುಂದೆ ಅತ್ತಿದ್ದ ಅವಳು ಅವತ್ತು ಬೆಳಗ್ಗೆ ಕಾಲು ತೊಳೆದು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ಸುಣ್ಣದ ಪುಡಿ ತುಳಿದು ಒಳಗೆ ಹೋಗಿಬಿಟ್ಟಿದ್ದಳು. ಆಗ ಮೇನ್ ಸ್ವಿಚ್ ನೆನಪಾಯಿತು. ಅದಿದ್ದದ್ದು ಹೊರಗಿನ ಗೋಡೆಯಲ್ಲಿ.

“ಮೇವು ಹಾಕೋವಾಗ ಒಳಗೋದೋರು ಹೊರಕ್ಕೆ ಬರಲ್ವಲ್ಲಣ್ಣ. ರೋಗ ತುಳ್ಕೊಂಡ್ ಬಂದಂಗೆ. ನಿಂಗ್ ಗೊತ್ತಲ್ಲ, ನೀನೂ ಹುಳ ಸಾಕಿದ್ ಮನೆಯೋನು. ಲೈನೇ ಸತ್ತೋಗೈತೆ, ಮೇನ್ ಇಳ್ಸುದ್ರೇನು ಬುಟ್ರೇನು ಅಂತ ಚುಚ್ಬುಟ್ಟೆ. ಫ್ಯಾನ್ ತಿರುಗ್ತು. ಆಚೆ ಕಡೆ ಇವ್ರು...” ರುದ್ರನ ಬ್ಯಾಂಡೇಜಿನ ಕೈಯ ಕಡೆ ನೋಡಿದಳು.

ನನ್ನ ಕಣ್ಣ ಮುಂದೆ ಆ ಲೈನ್ ಬಂತು. ತುಂಡಾದ ತಂತಿಯ ಆಚೆಗೆ ಇರುವುದು ಜಯಮ್ಮನ ತೋಟದ ಟ್ರಾನ್ಸ್‌ಫಾರ್ಮರ್ ಒಂದೇ. ಊರಿನಿಂದ ಬಂದ ಕರೆಂಟನ್ನು ಇಳಿಸಿ ಮನೆಗೆ ಕೊಡುವ ಟ್ರಾನ್ಸ್‌ಫಾರ್ಮರ್, ಮನೆಯಿಂದ ಹಿಮ್ಮುಖವಾಗಿ ಬಂದ ಕರೆಂಟನ್ನು ಸಾವಿರಾರು ವೋಲ್ಟಿಗೆ ಏರಿಸಿ ತಂತಿಗೆ ಬಿಟ್ಟಿತ್ತು. ರುದ್ರ ರಾಡ್ ಹಾಕಿದ್ದು ಸ್ಟೇಷನ್ನಿನ ಕಡೆಗೆ ಮಾತ್ರ. ಆಯ್ತಣ್ಣ ಎಂದವನು ರೂಢಿಯನ್ನೇ ನಡೆಸಿದ್ದ. ಬಾಲ ಅಂದ್ರೆ ಬಾಲವೇ.

ಹುಳುಮನೆಯ ಶುದ್ಧಿಯನ್ನು ಅವಳು ಕಾಪಾಡಿದ್ದಳು. ನಾನು ಕೀಲಿಯನ್ನು ಕಾಪಾಡಿದ್ದೆ. ಇಬ್ಬರೂ ನಮ್ಮ ನಮ್ಮ ಕಸುಬಿನ ಕಟ್ಟಳೆ ಮೀರಿರಲಿಲ್ಲ. ನಡುವೆ ಸಿಕ್ಕಿಕೊಂಡವನು ರುದ್ರ.

“ಇದ ಹೇಳುದ್ರೆ ಗಾಳಿ ಕಂಪ್ನಿಯೋರಿಗೆ ಹಬ್ಬ ಅಂತ ಗೊತ್ತು. ಸೋಲಾರ್ ಕೇಳ್ದೋಳೂ ನಾನೇ. ನಮ್ಮೋರೆಲ್ಲ, ಬಾಯ್ ಮುಚ್ಕೊಂಡಿರು ಅಂದ್ರು. ನಿನ್ ಮ್ಯಾಲೆ ಹೇಳೋದ ಕೇಳ್ಕೊಂಡು ಎಷ್ಟ್ ದಿನ ಅಂತ ಮೇವು ಹಾಕ್ಕೊಂಡಿರ್ಲಣ್ಣ? ನಂಗೆ ಹುಳದ ಮುಖ ನೋಡಕ್ಕಾಗ್ತಿಲ್ಲ.”

ಅವಳು ಹೋದಳು. ರುದ್ರ ನಿಧಾನವಾಗಿ ಈ ಕಡೆ ಹೊರಳಿದ. ಎಡಗೈಯನ್ನು ಚಾಚಿ ನನ್ನ ಅಂಗಿಯ ಎಡಜೇಬನ್ನು ಮುಟ್ಟಿದ. ನಾನು ಅವನ ಮುಂದೆಯೇ ಗೊಳೋ ಎಂದು ಅತ್ತುಬಿಟ್ಟೆ. ಪಕ್ಕದ ಹಾಸಿಗೆಯವರು ಯಾರೋ ತೀರಿಕೊಂಡರೆಂದು ತಿಳಿದು ಎದ್ದು ಕೂತರು.

ಊರಿನ ಮುಂದಿನ ಸಭೆಗೆ ರುದ್ರ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದ. ಜಯಮ್ಮ ಆಗಲೇ ನಡೆದದ್ದನ್ನು ಎಲ್ಲರೆದುರು ಹೇಳಿ ಮುಗಿಸಿದ್ದಳು. ಅವಳು ಹೆದರಿದಂತೆಯೇ ಆಯಿತು. ಗಾಳಿ ಕಂಪನಿಯ ಅಧಿಕಾರಿ ಎದ್ದು, ನೋಡಿ, ಮನೆಮನೆಗೆ ಕರೆಂಟು ಮಾಡಲು ಬಿಟ್ಟರೆ ಹೀಗೇ ಆಗುವುದು, ನಮ್ಮದು ಹಾಗಲ್ಲ ಎಂದ. ಆಗ ರುದ್ರ ಎದ್ದ.

“ಸಾರ್, ನಂದೊಂದ್ ಮಾತು. ನಿಮ್ ಮಿಷನ್ ಕರೆಂಟು ನಮ್ ಲೈನಿಗೆ ಬತ್ತದಲ್ಲ, ನಾನ್ ಕಂಬ ಹತ್ತೋವಾಗ ಅದನ್ನ ತೆಗ್ಯೋರ್ಯಾರು? ಕೀಲಿ ಯಾರ್ ಜೇಬಲ್ಲಿರ್ತದೆ?”

ಅಧಿಕಾರಿ ನಕ್ಕು, ಅದೆಲ್ಲ ಆಟೋಮ್ಯಾಟಿಕ್, ಕಂಟ್ರೋಲ್ ರೂಮ್ ಬೇರೆ ರಾಜ್ಯದಲ್ಲಿದೆ, ಕಂಪ್ಯೂಟರೇ ನೋಡಿಕೊಳ್ಳುತ್ತದೆ ಎಂದ.

“ಅಲ್ಲಿ ಫೋನ್ ಎತ್ತೋರು ನನ್ ದನಿ ಗುರ್ತು ಹಿಡೀತಾರಾ ಸಾರ್?”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ಜನರ ಕಡೆ ತಿರುಗಿದ. “ಗಾಳೀದಾದ್ರೂ ಹಾಕ್ಕಳಿ, ಬಿಸಿಲಿಂದಾದ್ರೂ ಹಾಕ್ಕಳಿ. ಮ್ಯಾಗೆ ಒಬ್ಬ ನಿಂತವ್ನೆ ಅಂತ ಒಸಿ ಗ್ಯಾಪಕ ಇಟ್ಕಳಿ.” ಇಷ್ಟು ಹೇಳಿ ಕೂತ.

ಬೆಟ್ಟದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಜಯಮ್ಮ ಮೇನ್ ಸ್ವಿಚ್ಚನ್ನು ಹುಳುಮನೆಯ ಒಳಕ್ಕೆ ಹಾಕಿಸಿಕೊಂಡಿದ್ದಾಳೆ. ಅದನ್ನು ಇಳಿಸದೆ ಇನ್ವರ್ಟರ್ ಚಾಲೂ ಆಗದಂತೆ ಇಲಾಖೆಯವರೇ ಬಂದು ಮಾಡಿಕೊಟ್ಟರು. ಊರಿನ ಉಳಿದ ಮನೆಗಳಲ್ಲಿ ಎಂಥೆಂಥ ವೈರುಗಳಿವೆಯೋ, ಯಾರಿಗೂ ಪೂರ್ತಿ ಗೊತ್ತಿಲ್ಲ. ನೀವು ಕೆಲಸಕ್ಕೆ ಹೋಗುತ್ತಿರುವುದು ಇಂಥ ಲೈನುಗಳ ಕೆಳಗೆ. ನನ್ನ ಕಾಲದಲ್ಲಿ ಸಾವು ಒಂದು ಕಡೆಯಿಂದ ಬರುತ್ತಿತ್ತು, ಅದರ ಬಾಗಿಲಿಗೆ ನಾನು ಬೀಗ ಹಾಕುತ್ತಿದ್ದೆ. ನಿಮ್ಮ ಕಾಲದಲ್ಲಿ ಅದು ಯಾವ ಚಾವಣಿಯಿಂದಲಾದರೂ ಬರಬಹುದು. ಅದಕ್ಕೇ ಎರಡೂ ಬದಿಗೆ ರಾಡ್ ಹಾಕಿ. ನಗುವವರು ನಗಲಿ.

ರುದ್ರ ಈಗ ಕಂಬ ಹತ್ತುವುದಿಲ್ಲ. ಕೆಳಗೆ ನಿಂತು ಎಲ್‌ಸಿ ತೆಗೆದುಕೊಂಡು, ಹೊಸಬರನ್ನು ಹತ್ತಿಸಿ ಇಳಿಸುವುದು ಅವನ ಕೆಲಸ. ಸ್ಟೇಷನ್ನಿನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಆದರೂ ಕೆಲಸ ಮುಗಿದ ಮೇಲೆ ರುದ್ರ ಅವರಿಗೆ ರಿಟರ್ನ್ ಕೊಟ್ಟು ನನಗೂ ಒಂದು ಫೋನ್ ಮಾಡುತ್ತಾನೆ. ಯಾವ ನಿಯಮದಲ್ಲೂ ಇಲ್ಲದ ಫೋನು. ನಾನು ಕೇಳಿಕೊಂಡದ್ದಲ್ಲ, ಅವನೂ ಯಾಕೆಂದು ಹೇಳಿಲ್ಲ.

ಇವತ್ತು ಬೆಳಗ್ಗೆ, ಬಿಲ್ಲಹಳ್ಳಿಯ ಕಡೆ ಹತ್ತಿಸುತ್ತಿದ್ದೇನೆ ಎಂದು ಹೇಳಿದ್ದ. ಊಟದ ಹೊತ್ತಾಯಿತು, ಫೋನ್ ಬರಲಿಲ್ಲ. ಬಿಸಿಲು ಇಳಿಯಿತು, ಬರಲಿಲ್ಲ. ಶಾರದೆ ಎರಡು ಸಲ ಬಂದು ನನ್ನ ಮುಖ ನೋಡಿ ಹೋದಳು. ನಾನೇ ಫೋನ್ ಮಾಡೋಣವೆಂದರೆ, ಮೇಲೆ ಜನ ಇರುವಾಗ ಅವನ ಗಮನ ಕದಡಬಾರದು. ಇನ್ನೊಂದು ಕಾರಣವೂ ಇದೆ. ಬೇರೆ ದನಿ ಎತ್ತಿದರೆ? ಅದಕ್ಕೇ ಕೈ ಫೋನಿಗೆ ಹೋಗದಿರಲೆಂದು ಇದನ್ನು ಬರೆಯುತ್ತಾ ಕೂತೆ. ಫೋನ್ ಎಡಜೇಬಿನಲ್ಲಿದೆ. ಇಲ್ಲಿಯವರೆಗೆ ಬರೆದು ಮುಗಿಸುವಷ್ಟರಲ್ಲಿ ಅದು ಎದೆಯ ಮೇಲೆ ನಡುಗಿತು. ಎತ್ತಿಕೊಂಡೆ.

“ಅಣ್ಣಾ, ನಾನೇ ಕಣಣ್ಣ. ಎಲ್ಲಾ ಇಳಿದ್ರು.”